ಕೆಟ್ಟ ಕಾಫಿಯಲ್ಲಿ ಮೂವತ್ತು ವರ್ಷ

ಸಣ್ಣ ಬೆಳೆಗಾರರ ಕಾಫಿ ಸಂಘದ ಹಾಜರಿ ಪುಸ್ತಕದಲ್ಲಿ ಆಕೆಗೆ ಒಂದು ಹೆಸರಿತ್ತು. ಹಾಜರಿ ಪುಸ್ತಕ ಬಿಟ್ಟರೆ ಆ ಹೆಸರನ್ನು ಬಳಸಿದವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಆಕೆ ಜರಡಿಯಕ್ಕ. ಕಾಫಿ ಬೀಜವಿರಲಿ, ಪಕ್ಕದ ಮನೆಯ ಸುದ್ದಿಯಿರಲಿ, ಅಂಗಡಿಯವನು ಹೇಳಿದ ದರವಿರಲಿ, ಆಕೆಯ ಮುಂದೆ ಬಿದ್ದ ಮೇಲೆ ಚೆನ್ನಾಗಿ ಅಲುಗಾಡಿಸಿಕೊಂಡು, ಜೊಳ್ಳು ಬೇರೆ ಗಟ್ಟಿ ಬೇರೆಯಾಗಿಯೇ ಮುಂದೆ ಸಾಗಬೇಕು. ಊರಿನಲ್ಲಿ ಸುಳ್ಳು ಹೇಳುವವರು ಆಕೆಯ ಮನೆ ಇರುವ ಬೀದಿ ಬಿಟ್ಟು ಆಚೆ ಬೀದಿಯಲ್ಲಿ ಹೇಳುತ್ತಿದ್ದರು.

ಕೆಲಸ, ಬೀಜ ಆರಿಸುವುದು. ತಗಡಿನ ಮಾಡಿನ ಉದ್ದನೆಯ ಷೆಡ್ಡು, ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹಾಳೆ, ಆ ಬೆಳಕಿನ ಕೆಳಗೆ ಉದ್ದನೆಯ ಮೇಜು. ಮೇಜಿನ ಎರಡೂ ಕಡೆ ಇಪ್ಪತ್ತೆರಡು ಹೆಂಗಸರು, ಬೆನ್ನಿಲ್ಲದ ಇಪ್ಪತ್ತೆರಡು ಸ್ಟೂಲು. ಹಸಿರು ಬೂದು ಬಣ್ಣದ ಬೀಜಗಳ ರಾಶಿಯಲ್ಲಿ ಕಪ್ಪಾದದ್ದು, ಒಡೆದದ್ದು, ಹುಳು ಕೊರೆದದ್ದು, ಬೂಷ್ಟು ಹಿಡಿದದ್ದು, ಹುಳಿತು ಹೋದದ್ದು, ಇವನ್ನೆಲ್ಲ ಬೆರಳಲ್ಲಿ ಹೆಕ್ಕಿ ಮಡಿಲ ಡಬ್ಬಿಗೆ ಹಾಕಬೇಕು. ಉಳಿದ ಚೊಕ್ಕ ಬೀಜ ಚೀಲಕ್ಕೆ, ಚೀಲ ಗೋದಾಮಿಗೆ. ಡಬ್ಬಿಯ ಕೆಟ್ಟ ಬೀಜವನ್ನು ವಾರಕ್ಕೊಮ್ಮೆ ಆರಿಸುವವರೇ ಹಂಚಿಕೊಂಡು ಮನೆಗೆ ಒಯ್ಯಬಹುದು ಎಂಬುದು ಸಂಘ ಹುಟ್ಟಿದಾಗಿನಿಂದ ಬಂದ ಪದ್ಧತಿ. ಇದನ್ನು ಸಂಘದ ವಾರ್ಷಿಕ ವರದಿಯಲ್ಲಿ ‘ಕಾರ್ಮಿಕರಿಗೆ ಉಚಿತ ಕಾಫಿ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದರು.

ಕುಂಬಾರನ ಮನೆಯಲ್ಲಿ ಒಡಕು ಮಡಕೆ. ಜರಡಿಯಕ್ಕನ ಮನೆಗೆ ಕಾಫಿ ತೋಟವೂ ಇತ್ತು, ಅಂಗೈಯಗಲದ್ದು. ಅಲ್ಲಿ ಬೆಳೆದ ಒಳ್ಳೆಯ ಬೀಜ ಒಂದೂ ಬಿಡದೆ ಮಾರಾಟಕ್ಕೆ ಹೋಗುತ್ತಿತ್ತು, ಮನೆಯ ಲೋಟಕ್ಕೆ ಬರುತ್ತಿದ್ದುದು ಡಬ್ಬಿಯ ಬೀಜ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೇಜಿಗೆ ಕೂತವಳಿಗೆ ಈಗ ಐವತ್ತನಾಲ್ಕು. ಮೂವತ್ತು ವರ್ಷ ಕಾಫಿಗೆ ಬರಬಹುದಾದ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ಕುಡಿದು ಅರಗಿಸಿಕೊಂಡಿದ್ದಳು. ಕಪ್ಪು ಬೀಜವಾದರೆ ಬೂದಿಯ ರುಚಿ, ಹುಳುಕಿನದಾದರೆ ಹಳೇ ಟ್ರಂಕಿನ ವಾಸನೆ, ಬೂಷ್ಟಾದರೆ ಒದ್ದೆ ಗೋಡೆ ನೆಕ್ಕಿದ ಹಾಗೆ. ಬೆಳಿಗ್ಗೆ ಒಂದು ಗುಟುಕು ಕುಡಿದು, ‘ಈ ವಾರ ಕೆರೆ ಕಡೆ ತೋಟದವರು ಹಣ್ಣು ಎರಡು ದಿನ ಚೀಲದಲ್ಲೇ ಬಿಟ್ಟಿದ್ದಾರೆ’ ಎಂದು ಹೇಳಿಬಿಡುವಳು. ವಿಚಾರಿಸಿದರೆ ಬಿಟ್ಟಿರುತ್ತಿದ್ದರು.

ಆಕೆಯ ಗಂಡ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ. ಆ ಮನುಷ್ಯ ದಿನಕ್ಕೆ ಆಡುವುದೇ ಮೂರು ಮಾತು, ಅದರಲ್ಲಿ ಎರಡು ‘ಹ್ಞೂಂ’. ನಾಲ್ಕು ಚಮಚ ಸಕ್ಕರೆ ಸುರಿದುಕೊಂಡು, ಕಣ್ಣು ಮುಚ್ಚಿ, ಕಷಾಯ ಕುಡಿದ ಹಾಗೆ ಕುಡಿದು ತೋಟಕ್ಕೆ ಹೋಗುವನು.

ಆ ಮನೆಯ ಮಾತಿನ ಪಾಲನ್ನೆಲ್ಲ ಬಾಚಿಕೊಂಡು ಹುಟ್ಟಿದವರು ಆತನ ತಮ್ಮ. ಜರಡಿಯಕ್ಕ ಮದುವೆಯಾಗಿ ಬಂದಾಗ ಆರು ವರ್ಷದ ಮಗು. ಆಕೆಯೇ ಮೂಗು ಒರೆಸಿ, ಚಡ್ಡಿ ಹಾಕಿ, ಶಾಲೆಗೆ ಅಟ್ಟಿ ಬೆಳೆಸಿದ ಮೈದುನ ಈಗ ಸಂಘದ ಕಾರ್ಯದರ್ಶಿಗಳು. ಆದ ದಿನದಿಂದಲೇ ಅವರ ನಡಿಗೆ ಬದಲಾಗಿತ್ತು. ಬಾಗಿಲಲ್ಲಿ ಮೊದಲು ಫೈಲು ಕಾಣಿಸಿಕೊಳ್ಳುವುದು, ಆಮೇಲೆ ಹೊಟ್ಟೆ, ಕೊನೆಗೆ ಮನುಷ್ಯ.

‘ಅತ್ತಿಗೆ, ಮನೇಲಿ ಏನು ಬೇಕಾದ್ರೂ ಅನ್ನಿ. ಇಲ್ಲಿ ಎಲ್ಲರ ಎದುರಿಗೆ ಪುಟ್ಟ ಅನ್ಬೇಡಿ. ಸಾರ್ ಅನ್ನಿ. ಒಂದು ಶಿಸ್ತು ಇರುತ್ತೆ.’

‘ಆಯ್ತು ಸಾರ್. ಅಂಗಿ ಗುಂಡಿ ಮೇಲಿಂದು ಕೆಳಗೆ ಹಾಕ್ಕೊಂಡಿದ್ದೀರಿ ಸಾರ್.’

ಈ ಕಾರ್ಯದರ್ಶಿಗಳು ಎರಡು ವರ್ಷದಿಂದ ಬೆನ್ನು ಹತ್ತಿದ್ದು ಒಂದು ಕಾಗದವನ್ನು. ನ್ಯಾಯಯುತ ವ್ಯಾಪಾರದ ಪ್ರಮಾಣಪತ್ರ. ಬೆಳೆದವರಿಗೆ, ದುಡಿದವರಿಗೆ ಮೋಸವಿಲ್ಲದೆ ಬಂದ ಕಾಫಿ ಇದು ಎಂದು ದೊಡ್ಡ ಸಂಸ್ಥೆಯೊಂದು ಮುದ್ರೆ ಒತ್ತಿ ಕೊಡುವ ಕಾಗದ. ಅದಿದ್ದರೆ ದೂರದೇಶದ ಕೊಳ್ಳುವವರು ನೇರವಾಗಿ ಕೊಳ್ಳುತ್ತಾರೆ, ಬೆಲೆ ಇಷ್ಟಕ್ಕಿಂತ ಕೆಳಗಿಳಿಯುವುದಿಲ್ಲ. ಅದಿಲ್ಲದಿದ್ದರೆ ಇದ್ದೇ ಇದ್ದಾನಲ್ಲ ಪೇಟೆಯ ದಲ್ಲಾಳಿ, ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಒಂದೇ ರಾಶಿಗೆ ಸುರಿದು, ರಾಶಿಯಲ್ಲಿ ಅತ್ಯಂತ ಕೆಟ್ಟದ್ದಕ್ಕೆ ಎಷ್ಟೋ ಅಷ್ಟು ದರ ಹೇಳುವವನು. ತೊಂಬತ್ತಮೂರು ಮನೆಗಳು ಅವನಿಂದ ಬಿಡುಗಡೆ ಬೇಡುತ್ತಿದ್ದವು. ಕೊನೆಗೊಬ್ಬ ಕೊಳ್ಳುವವನು ಬರೆದೂ ಬರೆದ: ‘ಪ್ರಮಾಣಪತ್ರ ಪಡೆಯಿರಿ. ಜೊತೆಗೆ ಮೊಹರು ಮಾಡಿದ ಮಾದರಿ ಕಳಿಸಿ, ರುಚಿ ನೋಡಿ ತೀರ್ಮಾನಿಸುತ್ತೇವೆ.’ ಎರಡರಲ್ಲಿ ಒಂದು ಸೋತರೂ ಆ ವರ್ಷ ಅವನಿಗೆಂದು ಆರಿಸಿಟ್ಟ ಎಪ್ಪತ್ತೆರಡು ಚೀಲ ದಲ್ಲಾಳಿಯ ರಾಶಿಗೆ.

ಕಾರ್ಯದರ್ಶಿಗಳು ಸಭೆಯಲ್ಲಿ ಮೊದಲ ವಾಕ್ಯವನ್ನು ಮೂರು ಸಲ ಓದಿದರು. ಎರಡನೆಯದನ್ನು ಕೆಮ್ಮುತ್ತಾ ಓದಿದರು.

‘ರುಚಿಗೇನು? ಸರ್ಟಿಫಿಕೇಟು ಬಂದ್ರೆ ರುಚಿ ಹಿಂದೇನೇ ಬರುತ್ತೆ’ ಎಂದರು.

ಪರಿಶೀಲನೆಯ ದಿನ ಗೊತ್ತಾದದ್ದೇ ತಡ, ಸಂಘಕ್ಕೆ ಮೈಮೇಲೆ ಬಂದಂತಾಯಿತು. ‘ಇಲ್ಲಿ ಉಗುಳಬಾರದು’, ‘ಕೈ ತೊಳೆದುಕೊಳ್ಳಿ’, ‘ನಗುನಗುತ್ತಾ ಕೆಲಸ ಮಾಡಿ’ ಎಂಬ ಬೋರ್ಡುಗಳು ಎದ್ದವು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಗೋಡೆಗೇರಿತು. ಅದಕ್ಕೆ ಬೀಗ, ಬೀಗದ ಕೈ ಕಾರ್ಯದರ್ಶಿಗಳ ಜೇಬಿನಲ್ಲಿ. ಬೆರಳು ಕೊಯ್ದುಕೊಳ್ಳುವವರು ಅರ್ಜಿ ಕೊಟ್ಟು ಕೊಯ್ದುಕೊಳ್ಳಬೇಕು. ಸ್ಟೂಲುಗಳೆಲ್ಲ ಅಟ್ಟ ಸೇರಿ, ಬೆನ್ನಿರುವ ಇಪ್ಪತ್ತೆರಡು ಕುರ್ಚಿ ಮೂರು ದಿನದ ಬಾಡಿಗೆಗೆ ಬಂದವು.

ತರಬೇತಿಯೂ ಆಯಿತು.

‘ಮೇಡಂ ನಿಮ್ಮನ್ನ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಏನಾದ್ರೂ ತೊಂದರೆ ಇದ್ಯಾ ಅಂತ ಕೇಳ್ತಾರೆ. ಏನನ್ಬೇಕು?’

‘ಏನೂ ತೊಂದರೆ ಇಲ್ಲ ಮೇಡಂ!’ ಎಂದು ಇಪ್ಪತ್ತೆರಡು ಕಂಠ ಒಟ್ಟಿಗೆ ಮಗ್ಗಿ ಒಪ್ಪಿಸಿದವು.

‘ಸಾರ್, ಈ ತರಬೇತಿ ತೊಂದರೆ ಆಗ್ತಾ ಇದೆ ಅಂದ್ರೆ?’ ಎಂದಳು ಜರಡಿಯಕ್ಕ. ಷೆಡ್ಡಿನ ತಗಡು ಹಾರಿಹೋಗುವಷ್ಟು ನಗು.

ಇಷ್ಟರಲ್ಲೇ ನಿಂತಿದ್ದರೆ ಕತೆಯೂ ಇರುತ್ತಿರಲಿಲ್ಲ. ಆದರೆ ಸಂಸ್ಥೆಯವರ ಪಟ್ಟಿಯಲ್ಲಿ ‘ಗೋದಾಮು ಸ್ವಚ್ಛವಾಗಿರಬೇಕು’ ಎಂದೊಂದು ಸಾಲಿತ್ತು. ಕಾರ್ಯದರ್ಶಿಗಳು ಸ್ವಚ್ಛತೆಯನ್ನು ಕಣ್ಣಿನಿಂದಲ್ಲ, ಮೂಗಿನಿಂದ ಅಳೆಯುವವರು. ಐದು ಲೀಟರಿನ ಫಿನಾಯಿಲು ಕ್ಯಾನು ಎರಡು ತರಿಸಿದರು. ಚೀಲಗಳ ಕೆಳಗಿದ್ದ ಮರದ ಹಲಗೆ ಹಳತಾಗಿ ಅಸಹ್ಯವಾಗಿ ಕಾಣುತ್ತದೆಂದು ತೆಗೆಸಿ ಹಿತ್ತಿಲಿಗೆ ಹಾಕಿಸಿದರು. ನಾಲ್ಕು ದಿನ, ಬೆಳಿಗ್ಗೆ ಸಂಜೆ, ಬರೀ ನೆಲದ ಮೇಲೆ ಕೂತ ಚೀಲಗಳ ಸುತ್ತ ಫಿನಾಯಿಲು ಹಾಕಿ ಒರೆಸಿದ್ದೇ ಒರೆಸಿದ್ದು. ಪರಿಶೀಲನೆಗೆ ಮುಂಚೆಯೇ ಪರಿಮಳ ಹಾಳಾಗಿ ಹೋಗಬಾರದೆಂದು ಕಿಟಕಿ ಬಾಗಿಲುಗಳನ್ನೂ ಭದ್ರವಾಗಿ ಮುಚ್ಚಿಸಿದರು.

ಪರಿಶೀಲನೆಯ ಹಿಂದಿನ ದಿನ ಮಧ್ಯಾಹ್ನ, ಚೀಲ ಹೊಲಿಯುವ ದಾರ ತರಲು ಜರಡಿಯಕ್ಕ ಗೋದಾಮಿಗೆ ಹೋದಳು. ಬಾಗಿಲು ತೆಗೆದದ್ದೇ ಸೆರಗು ಮೂಗಿಗೆ ಹೋಯಿತು. ದಾರದ ಮಾತು ಮರೆತೇಹೋಯಿತು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿದ್ದ ಒಂದು ಚೀಲದ ಹೊಲಿಗೆ ಎರಡು ಬೆರಳಷ್ಟು ಬಿಡಿಸಿ, ಒಂದು ಹಿಡಿ ಬೀಜ ಹೊರಗೆ ತಂದಳು. ಅಂಗಳದ ಗಾಳಿಯಲ್ಲಿ ನಿಂತು ಬೀಜದ ಮೇಲೆ ಬಿಸಿಯುಸಿರು ಊದಿ, ಮುಷ್ಟಿ ಮುಚ್ಚಿ, ಹತ್ತು ಎಣಿಸಿ, ಮೂಗಿನ ಹತ್ತಿರ ತೆರೆದಳು.

ಕಾಫಿ ಬೀಜ ಮನೆಗೆ ಬಂದ ಹೊಸ ಸೊಸೆಯ ಹಾಗೆ, ನೋಡಲು ಸುಮ್ಮನಿರುತ್ತದೆ, ಆದರೆ ಸುತ್ತಲಿನದೆಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಮುಷ್ಟಿಯೊಳಗೆ ಇದ್ದದ್ದು ಕಾಫಿಯಲ್ಲ, ಆಗತಾನೆ ಒರೆಸಿದ ಆಸ್ಪತ್ರೆಯ ಮೊಗಸಾಲೆ.

ನೆಟ್ಟಗೆ ಕಚೇರಿಗೆ ನಡೆದಳು. ‘ಪುಟ್ಟ’ ಎಂದಳು, ಶಿಸ್ತು ಗಾಳಿಗೆ ತೂರಿ. ‘ಕಾಫಿ ಫಿನಾಯಿಲು ಹೀರ್ಕೊಂಡುಬಿಟ್ಟಿದೆ ಕಣೋ.’

‘ಏನು ಮಾತು ಅತ್ತಿಗೆ! ಫಿನಾಯಿಲು ಹಾಕಿದ್ದು ನೆಲಕ್ಕೆ, ಕಾಫಿ ಇರೋದು ಚೀಲದಲ್ಲಿ.’

‘ಈರುಳ್ಳಿ ಹೆಚ್ಚಿದ ಚಾಕುವಲ್ಲಿ ಹಣ್ಣು ಕೊಯ್ದುಕೊಟ್ರೆ ತಟ್ಟೆ ನೂಕ್ತಿದ್ದವನು ನೀನೇ ತಾನೆ?’

‘ಆಗ ಚಿಕ್ಕವನು.’ ಕಾರ್ಯದರ್ಶಿಗಳು ಬೀಜವನ್ನು ಮೂಸಿದರು. ನಾಲ್ಕು ದಿನ ಫಿನಾಯಿಲಿನಲ್ಲೇ ಈಜಿದ ಮೂಗು, ಅದಕ್ಕೆ ಏನು ಗೊತ್ತಾಗಬೇಕು? ‘ಏನೂ ಇಲ್ಲ. ನಿಮಗೆ ಭ್ರಮೆ.’ ಆಮೇಲೆ ಎದ್ದು ಬಾಗಿಲು ಹಾಕಿ ಬಂದು, ದನಿ ಇಳಿಸಿದರು. ‘ಅತ್ತಿಗೆ, ಎರಡು ವರ್ಷ ಓಡಾಡಿದ್ದೀನಿ. ನಾಳೆ ಒಂದು ದಿನ ಸುಮ್ಮನಿದ್ದುಬಿಡಿ, ನಿಮ್ಮ ಕಾಲು ಹಿಡ್ಕೋತೀನಿ. ಕಾಗದ ಕೈಗೆ ಬರಲಿ. ಆಮೇಲೆ ಮಿಕ್ಕಿದ್ದು.’

ಮಿಕ್ಕಿದ್ದು ಏನು ಎಂದು ಆಕೆಗೆ ಗೊತ್ತಿತ್ತು. ಮಾದರಿ ಹೋಗುತ್ತದೆ, ಕೊಳ್ಳುವವನು ಒಂದು ಗುಟುಕು ಬಾಯಿಗಿಟ್ಟು ಉಗುಳುತ್ತಾನೆ, ಇನ್ನೆಂದೂ ಈ ಸಂಘದ ಕಡೆ ತಲೆ ಹಾಕುವುದಿಲ್ಲ. ಹೇಳಿದರೋ, ತಾನೇ ಎತ್ತಿ ಆಡಿಸಿದ ಮೈದುನನ ಮುಖಕ್ಕೆ ಹೊರಗಿನವರ ಎದುರು ತಾನೇ ಮಸಿ ಬಳಿದಂತೆ.

ಊಟದ ಹೊತ್ತಿಗೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಆತ ತಟ್ಟೆಯಿಂದ ತಲೆ ಎತ್ತಿದ.

‘ನಮ್ಮ ಚೀಲ ಎಲ್ಲಿವೆ?’

‘ಎಲ್ಲಿರ್ತಾವೆ? ಕಾರ್ಯದರ್ಶಿ ಮನೆ ಚೀಲ ಎಲ್ಲರಿಗಿಂತ ಮೊದಲು ಹೋಗ್ಬೇಕು ಅಂತ ಮೊದಲೇ ಹಾಕಿಸಿದ್ದಾನಲ್ಲ. ಐದೂ ಅಡಿಯಲ್ಲೇ, ನೆಲಕ್ಕೇ ಅಂಟ್ಕೊಂಡಿವೆ.’

‘ಹ್ಞೂಂ.’ ಎರಡು ತುತ್ತು ಆದ ಮೇಲೆ, ‘ಹೇಳಿಬಿಡು’ ಎಂದ. ಆ ದಿನದ ಮಾತಿನ ಲೆಕ್ಕ ಮುಗಿಯಿತು.

ಪರಿಶೀಲನೆಗೆ ಬಂದಾಕೆ ಮೂವತ್ತರ ಆಸುಪಾಸಿನ ಹೆಂಗಸು. ಹೆಗಲಿಗೆ ಚೀಲ, ಕೈಯಲ್ಲಿ ನಲವತ್ತು ಪುಟದ ಪಟ್ಟಿ. ಬೋರ್ಡು ನೋಡಿದಳು, ಗೀಟು ಹಾಕಿದಳು. ಶೌಚಾಲಯದ ನಲ್ಲಿ ತಿರುಗಿಸಿದಳು, ಗೀಟು ಹಾಕಿದಳು. ಗೋದಾಮಿನ ಬಾಗಿಲಲ್ಲಿ ನಿಂತು ‘ಬಹಳ ಸ್ವಚ್ಛವಾಗಿದೆ’ ಎಂದು ಎರಡು ಸಲ ಸೀನಿದಳು. ಕಾರ್ಯದರ್ಶಿಗಳು ಆ ಸೀನನ್ನೂ ಪ್ರಶಂಸೆಯೆಂದೇ ಸ್ವೀಕರಿಸಿದರು.

ಆಮೇಲೆ ಸಣ್ಣ ಕೋಣೆಯಲ್ಲಿ ಒಬ್ಬೊಬ್ಬರ ಭೇಟಿ. ಇಪ್ಪತ್ತೊಂದು ಮಂದಿ ಒಂದೇ ರಾಗದಲ್ಲಿ ಒಂದೇ ವಾಕ್ಯ ಹೇಳಿ ಹೋದರು. ಕೊನೆಯವಳು ಜರಡಿಯಕ್ಕ.

‘ಹೆದರ್ಬೇಡಿ. ನೀವು ಹೇಳಿದ್ದು ಈ ಕೋಣೆ ದಾಟಲ್ಲ. ಏನಾದ್ರೂ ದೂರು ಇದೆಯಾ?’

‘ಇದೆ.’

ಪೆನ್ನು ನಿಂತಿತು. ‘ಹೇಳಿ. ಕೂಲಿ? ಸಮಯ? ಈ ಕುರ್ಚಿ...?’

‘ಕುರ್ಚಿ ಮೊನ್ನೆ ಬಂದಿವೆ, ನಾಳೆ ಹೋಗ್ತವೆ. ಅದನ್ನ ಬಿಡಿ, ಬೆನ್ನಿಲ್ಲದ ಸ್ಟೂಲಿಗೆ ನಮ್ಮ ಬೆನ್ನು ಒಗ್ಗಿಹೋಗಿದೆ. ಆದ್ರೆ ಕಾಫಿಗೆ ಫಿನಾಯಿಲು ಒಗ್ಗಲ್ಲ ತಾಯಿ. ಗೋದಾಮಿನ ಕಾಫಿ ಕೆಟ್ಟಿದೆ.’

ಪರಿಶೀಲಕಿ ಪಟ್ಟಿಯನ್ನು ಹಿಂದೆ ಮುಂದೆ ತಿರುವಿದಳು. ‘ಇದಕ್ಕೆ ನನ್ನಲ್ಲಿ ಕಾಲಂ ಇಲ್ವಲ್ಲ.’

‘ಕೈಗವಸಿಗೆ ಇದೆ, ಕಕ್ಕಸಿಗೆ ಇದೆ, ಕಾಫಿಗೇ ಇಲ್ವಾ?’

‘ನಿಮ್ಮನ್ನ ಹೇಗೆ ನಡೆಸ್ಕೋತಾರೆ ಅಂತ ನಾವು ನೋಡ್ತೀವಿ. ಕಾಫಿ ಹೇಗಿದೆ ಅಂತ ನೋಡೋದು ಕೊಳ್ಳೋರು.’

‘ಅಂದ್ರೆ ನೀವು ಅಡುಗೆಯವಳು ಚೆನ್ನಾಗಿದ್ದಾಳಾ ಅಂತ ಕೇಳ್ತೀರಿ, ಅವರು ಊಟಕ್ಕೆ ಕೂತ್ಕೋತಾರೆ. ನಡುವೆ ಉಪ್ಪು ಜಾಸ್ತಿಯಾಗಿದೆ ಅಂತ ಅಡುಗೆಯವಳೇ ಹೇಳಿದ್ರೆ ಬರ್ಕೊಳ್ಳೋರು ಯಾರು?’

ಪರಿಶೀಲಕಿ ಪಟ್ಟಿಯನ್ನು ಮುಚ್ಚಿದಳು. ಮೂರು ಗಂಟೆಗೆ ಮಾದರಿ ತೆಗೆದು ಮೊಹರು ಒತ್ತಬೇಕಾದವಳು ಅವಳೇ. ‘ಮೊಹರು ಒತ್ತೋದು ನನ್ನ ಕೈ. ಕೆಟ್ಟಿದೆ ಅಂತ ನನಗೆ ಹೇಗೆ ತೋರಿಸ್ತೀರಿ?’

‘ಒಂದು ಒಲೆ, ಮೂರು ಲೋಟ ಸಾಕು.’

ಷೆಡ್ಡಿನ ಮೂಲೆಯ ಒಲೆಯ ಮೇಲೆ ಜರಡಿಯಕ್ಕ ಬಾಣಲೆ ಇಟ್ಟಳು. ಮೂರು ಹಿಡಿ ಬೀಜವನ್ನು ಬೇರೆ ಬೇರೆಯಾಗಿ ಹುರಿದಳು, ಪ್ರತಿ ಸಲ ಬಾಣಲೆ ಒರೆಸಿದಳು. ಒಂದು ಅಡಿಸಾಲಿನ ಚೀಲದ್ದು, ಒಂದು ಮೇಲಿನ ಸಾಲಿನದು, ಒಂದು ಇನ್ನೂ ಮೇಜಿನ ಮೇಲಿದ್ದ ಬೀಜ. ಪುಡಿ ಮಾಡಿ ಬಿಸಿನೀರು ಹಾಕಿದಳು. ಹಾಲಿಲ್ಲ, ಸಕ್ಕರೆಯಿಲ್ಲ. ಯಾವ ಲೋಟ ಯಾವುದೆಂದು ಗೊತ್ತಾಗಲು ತಳದಡಿ ಒಂದು, ಎರಡು, ಮೂರು ಬೀಜ ಅಡಗಿಸಿದಳು.

ವಿಷಯ ತಿಳಿದು ಕಾರ್ಯದರ್ಶಿಗಳ ಮುಖ ಕೆಂಪಾಗಿತ್ತು. ‘ಮೇಡಂ, ಇವರು ನಮ್ಮ ಅತ್ತಿಗೆ, ಸ್ವಲ್ಪ... ವಯಸ್ಸು...’

‘ವಯಸ್ಸಾಗಿರೋದು ಕಾಲಿಗೆ, ನಾಲಿಗೆಗಲ್ಲ. ಕುಡೀರಿ ಸಾರ್.’

ಕಾರ್ಯದರ್ಶಿಗಳೂ, ಸಂಘದ ಮುದಿ ಅಧ್ಯಕ್ಷರೂ ಮೂರು ಲೋಟದಿಂದಲೂ ಒಂದೊಂದು ಗುಟುಕು ಕುಡಿದರು. ಕಾರ್ಯದರ್ಶಿಗಳು ಕಣ್ಣರಳಿಸಿ ಒಂದು ಲೋಟವನ್ನು ಎತ್ತಿ ಹಿಡಿದರು.

‘ಇದು! ಇದೇ ನಮ್ಮ ಸಂಘದ ಕಾಫಿ. ಏನೋ ಒಂಥರಾ ಶುಭ್ರವಾದ ರುಚಿ. ಇದನ್ನೇ ಕಳಿಸೋಣ.’

ಅಧ್ಯಕ್ಷರು ತಲೆದೂಗಿದರು. ‘ಹೌದಪ್ಪ. ಬಹಳ ಚೊಕ್ಕ. ನನಗೆ ಕಣ್ಣಿನ ಆಪರೇಷನ್ ಆದ ದಿನ ನೆನಪಿಗೆ ಬಂತು.’

ಪರಿಶೀಲಕಿ ಆ ಲೋಟದಿಂದ ಒಂದು ಹನಿ ನಾಲಿಗೆಗಿಟ್ಟು, ಕಿಟಕಿಯಾಚೆ ಉಗುಳಿದಳು. ‘ಇಲ್ಲಿ ಉಗುಳಬಾರದು’ ಎಂಬ ಬೋರ್ಡು ಅಲ್ಲೇ ಇತ್ತು. ಜರಡಿಯಕ್ಕ ಲೋಟ ಎತ್ತಿದಳು. ಕೆಳಗೆ ಒಂದೇ ಬೀಜ. ‘ಅಡಿಸಾಲು. ನಮ್ಮ ಮನೆ ಚೀಲ, ಪುಟ್ಟ.’

ಕಾರ್ಯದರ್ಶಿಗಳು ಮತ್ತೆ ಕುಡಿದರು. ಪಕ್ಕದ ಲೋಟ ಕುಡಿದರು, ಮತ್ತೆ ಇದನ್ನು ಕುಡಿದರು. ಈ ಸಲ ನಾಲಿಗೆಗೆ ಗೊತ್ತಾಯಿತು. ಫೈಲು ಮೆಲ್ಲಗೆ ಕಂಕುಳಿನಿಂದ ಜಾರಿ ಕುರ್ಚಿಯ ಮೇಲೆ ಬಿತ್ತು, ಅವರು ಅದನ್ನು ಎತ್ತಿಕೊಳ್ಳಲಿಲ್ಲ. ‘ಎಲ್ಲಾ ಹೋಯ್ತಾ ಅತ್ತಿಗೆ?’ ಎಂದರು, ಆರು ವರ್ಷದವನ ದನಿಯಲ್ಲಿ.

‘ಮೇಲಿನ ಸಾಲಿಂದು ಕುಡಿದು ನೋಡಿದೆಯಲ್ಲ, ಅದು ಬಚಾವಾಗಿದೆ. ಎಲ್ಲಿವರೆಗೆ ಏರಿದೆ ಅಂತ ಒಂದೊಂದೇ ಚೀಲ ನೋಡ್ಬೇಕು.’

ಆಗ ಪರಿಶೀಲಕಿ ‘ನೀವೂ ಕುಡಿಯಿರಿ’ ಎಂದು ಮೂರನೆಯ ಲೋಟ ಮುಂದಿಟ್ಟಳು, ಮೇಜಿನ ಮೇಲಿನ ಚೊಕ್ಕ ಬೀಜದ್ದು. ಜರಡಿಯಕ್ಕ ಕುಡಿದಳು. ಹುಬ್ಬು ಗಂಟಿಕ್ಕಿತು. ನಾಲಿಗೆ ತನ್ನ ಹಳೆಯ ಪರಿಚಯದವರನ್ನೆಲ್ಲ ಹುಡುಕಿತು: ಬೂದಿ ಇಲ್ಲ, ಟ್ರಂಕು ಇಲ್ಲ, ಒದ್ದೆ ಗೋಡೆ ಇಲ್ಲ.

‘ಅಯ್ಯೋ, ಇದರಲ್ಲಿ ಏನೂ ಇಲ್ವಲ್ಲೇ!’ ಎಂದಳು.

ಇನ್ನೊಂದು ಗುಟುಕು ಕುಡಿದಳು. ಏನೂ ಇಲ್ಲದ ಆ ಜಾಗದಲ್ಲಿ ಮೆಲ್ಲಗೆ ಒಂದು ಸಿಹಿ ಎದ್ದಿತು, ಹಣ್ಣು ಕೊಯ್ಯುವ ದಿನ ಬೆರಳಿಗೆ ಅಂಟುವಂಥದ್ದು. ಮೂವತ್ತು ವರ್ಷ ತನ್ನ ಬೆರಳಿನ ಸಂದಿಯಿಂದ ಚೀಲಕ್ಕೆ ಇಳಿದುಹೋದದ್ದು ಇದು. ಆಕೆ ಆ ಲೋಟವನ್ನು ಯಾರಿಗೂ ಕೊಡದೆ ತಳದ ಗಸಿಯವರೆಗೂ ಕುಡಿದಳು.

ಪರಿಶೀಲಕಿ ಬಸ್ಸು ಬಿಟ್ಟು ಇನ್ನೊಂದು ದಿನ ಉಳಿದಳು. ಮರುದಿನ ಬೆಳಿಗ್ಗೆ ಗೋದಾಮಿನ ಕಿಟಕಿ ಬಾಗಿಲೆಲ್ಲ ತೆರೆದವು. ಚೀಲಗಳನ್ನು ಅಂಗಳಕ್ಕೆ ತರಬೇಕು, ಆದರೆ ಅಂಗಳವನ್ನೂ ಕಾರ್ಯದರ್ಶಿಗಳು ಬಿಟ್ಟಿರಲಿಲ್ಲ, ಅಲ್ಲಿಗೂ ಒಂದು ಸುತ್ತು ಫಿನಾಯಿಲು ಆಗಿತ್ತು. ಇನ್ನೇನು ಮಾಡುವುದು? ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಇಟ್ಟು, ಒಂದೊಂದು ಕುರ್ಚಿಗೆ ಒಂದೊಂದು ಚೀಲ ಕೂರಿಸಿದರು. ಇಪ್ಪತ್ತೆರಡು ಚೀಲಗಳು ಬೆನ್ನು ಆನಿಸಿ ಸಭಿಕರಂತೆ ಕೂತವು, ಹೆಂಗಸರು ಸುತ್ತ ನಿಂತರು.

‘ನೋಡ್ರೇ, ಕಾಫಿಗೆ ಸಿಕ್ಕಿದ ಕುರ್ಚಿ ನಮಗೆ ಸಿಗಲಿಲ್ಲ’ ಎಂದಳೊಬ್ಬಳು.

‘ಬರ್ಕೊಂಡೆ’ ಎಂದಳು ಪರಿಶೀಲಕಿ.

ಜರಡಿಯಕ್ಕ ಎಲ್ಲರಿಗೂ ಕಲಿಸಿದಳು: ಒಂದು ಹಿಡಿ, ಒಂದು ಬಿಸಿಯುಸಿರು, ಹತ್ತು ಎಣಿಕೆ, ಆಮೇಲೆ ಮೂಗು. ಅನುಮಾನ ಬಂದರೆ ಆಕೆಗೆ. ನೋಡಿ ಮುಗಿದ ಚೀಲ ಇಳಿದರೆ ಹೊಸದು ಏರಬೇಕು. ಚೀಲ ಹೊರುವವರು ಸಾಲದೆ, ಕಾರ್ಯದರ್ಶಿಗಳೂ ಅಂಗಿ ಕಳಚಿ ಬನಿಯನ್ನಿನಲ್ಲಿ ಹೊತ್ತರು. ಜರಡಿಯಕ್ಕನ ಗಂಡ ಪಕ್ಕದಲ್ಲೇ ಹೊರುತ್ತಾ ತಮ್ಮನನ್ನು ನೋಡಿ ‘ಮಂಡಿ ಬಗ್ಗಿಸು, ಬೆನ್ನುಳುಕುತ್ತೆ’ ಎಂದ. ಅಣ್ಣ ಒಂದೇ ಉಸಿರಿಗೆ ಮೂರು ಪದ ಆಡಿದ್ದನ್ನು ಕೇಳಿ ಕಾರ್ಯದರ್ಶಿಗಳು ಚೀಲ ಬೀಳಿಸಿಕೊಳ್ಳುವುದರಲ್ಲಿದ್ದರು.

ಸಂಜೆಯ ಹೊತ್ತಿಗೆ ಹತ್ತೊಂಬತ್ತು ಚೀಲ ಬೇರೆಯಾದವು, ಮನೆಯ ಐದೂ ಅದರಲ್ಲಿ. ಉಳಿದ ಐವತ್ತಮೂರರಿಂದ ಮಾದರಿ ತೆಗೆದು ಪರಿಶೀಲಕಿ ಮೊಹರು ಒತ್ತಿದಳು. ಹತ್ತೊಂಬತ್ತರ ನಷ್ಟ ಯಾರ ತಲೆಗೆ ಎಂದು ಗುಸುಗುಸು ಎದ್ದಾಗ ಕಾರ್ಯದರ್ಶಿಗಳೇ ಎದ್ದು ನಿಂತರು. ಫೈಲು ಇಲ್ಲದ ಅವರ ಕೈಗಳಿಗೆ ಎಲ್ಲಿರಬೇಕೆಂದೇ ತಿಳಿಯುತ್ತಿರಲಿಲ್ಲ. ‘ಫಿನಾಯಿಲು ಹಾಕ್ಸಿದ್ದು ನಾನು. ನಮ್ಮ ಮನೆ ಐದು ಚೀಲಕ್ಕೆ ಏನೂ ಬೇಡ. ಮಿಕ್ಕ ಹದಿನಾಲ್ಕರದ್ದು ಎಲ್ಲರೂ ಹಂಚ್ಕೊಳ್ಳೋಣ’ ಎಂದರು. ಅವರು ಮಾಡಿದ ಭಾಷಣಗಳಲ್ಲಿ ಅದೇ ಅತಿ ಚಿಕ್ಕದು. ಚಪ್ಪಾಳೆ ಬಿದ್ದದ್ದೂ ಅದೊಂದಕ್ಕೇ.

ಆರು ವಾರದ ಮೇಲೆ ಎರಡು ಲಕೋಟೆ ಬಂದವು. ಒಂದರಲ್ಲಿ ಪ್ರಮಾಣಪತ್ರ, ಹಿಂದೆ ಪಿನ್ನು ಹಾಕಿದ ಷರತ್ತುಗಳು: ಆರಿಸುವವರಿಗೆ ಬೆನ್ನಿರುವ ಸ್ವಂತ ಕುರ್ಚಿ ಕೊಡಿಸಬೇಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಬೀಗ ತೆಗೆಯಬೇಕು, ಗೋದಾಮಿನ ಚೀಲ ಹಲಗೆಯ ಮೇಲಿರಬೇಕು, ಮೊಹರಿಗೆ ಮುಂಚೆ ರುಚಿ ನೋಡಲು ಒಬ್ಬರನ್ನು ನೇಮಿಸಿ, ಅವರ ಅರ್ಹತೆ ತಿಳಿಸಬೇಕು. ಇನ್ನೊಂದರಲ್ಲಿ ಕೊಳ್ಳುವವನ ಎರಡೇ ಸಾಲು. ಐವತ್ತಮೂರೂ ಬೇಕು. ಮುಂದಿನ ವರ್ಷ ಎಷ್ಟು ಕೊಡುತ್ತೀರಿ?

ಆ ವಾರ ಜರಡಿಯಕ್ಕ ಡಬ್ಬಿಯ ಬೀಜದ ಬದಲು ಒಂದು ಪಾವು ಚೊಕ್ಕ ಬೀಜವನ್ನು ದುಡ್ಡು ಕೊಟ್ಟು ಮನೆಗೆ ತಂದಳು. ಗಂಡ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಗುಟುಕರಿಸಿ, ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ಸಕ್ಕರೆ ಡಬ್ಬಿಯನ್ನು ಮೊಣಕೈಯಿಂದ ಅತ್ತ ಸರಿಸಿದ.

ಅರ್ಹತೆಯ ಕಾಗದ ತುಂಬಲು ಕಾರ್ಯದರ್ಶಿಗಳು ಆಕೆಯನ್ನು ಕಚೇರಿಗೆ ಕರೆಸಿದರು. ಹೊಸ ಕುರ್ಚಿಯೊಂದನ್ನು ತಾವೇ ಎಳೆದುಕೊಟ್ಟರು.

‘ಅತ್ತಿಗೆ, ಇಲ್ಲಿ ಡಿಗ್ರಿ, ತರಬೇತಿ, ಅನುಭವ ಅಂತೆಲ್ಲ ಕೇಳಿದ್ದಾರೆ. ಏನಂತ ಬರೀಲಿ?’

‘ಮೂವತ್ತು ವರ್ಷ ಕೆಟ್ಟ ಕಾಫಿ ಕುಡಿದಿದ್ದಾಳೆ ಅಂತ ಬರಿ.’

ಕಾರ್ಯದರ್ಶಿಗಳು ಪೆನ್ನಿನ ತುದಿ ಕಚ್ಚಿ ಯೋಚಿಸಿ, ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ದೋಷಯುಕ್ತ ಕಾಫಿಯಲ್ಲಿ ಮೂರು ದಶಕಗಳ ನಿರಂತರ ಹಾಗೂ ಪ್ರತ್ಯಕ್ಷ ಅನುಭವ.’ ಓದಿ ಹೇಳಿ, ಮುದ್ರೆಗೆ ಶಾಯಿ ಹಚ್ಚಿದರು.

‘ಚೆನ್ನಾಗಿದೆ ಸಾರ್’ ಎಂದು ಎದ್ದವಳು ಬಾಗಿಲಲ್ಲಿ ನಿಂತಳು. ‘ಗೋದಾಮಿನ ಹತ್ತಿರ ಒಂದು ಹೊಸ ಬಕೆಟ್ಟು ಇಟ್ಟಿದ್ದಾರಲ್ಲ, ಏನದು?’

‘ನೆಲ ಒರೆಸೋಕೆ ಅತ್ತಿಗೆ. ಬರೀ ಬಿಸಿನೀರು, ಆಣೆ ಮಾಡ್ತೀನಿ.’

‘ನೀನು ಹೇಳಿದ ಮೇಲೆ ಮುಗೀತು’ ಎಂದಳು ಜರಡಿಯಕ್ಕ. ಆದರೂ ಮೇಜಿಗೆ ಹೋಗುವ ದಾರಿಯಲ್ಲಿ ಗೋದಾಮಿನ ಕಡೆಗೇ ತಿರುಗಿ, ಬಕೆಟ್ಟಿನ ಮೇಲೆ ಬಗ್ಗಿ, ಒಮ್ಮೆ ಮೂಸಿ ನೋಡಿಯೇ ಹೋದಳು.